ಒಂದು ಆಹಾರದ ಹಾಳೆ ಮತ್ತು ಅಕ್ಕಲಕೋಟೆಯ ಕನ್ನಡ: ತೂಕದ ಶಸ್ತ್ರಚಿಕಿತ್ಸೆಗೆ ಮುಂಚಿನ ಮಿತಾಹಾರ

ಗೋಷ್ಠಿಯಲ್ಲಿ ಇದುವರೆಗೆ ಗಡಿಯ ಶಾಲೆ, ಶಾಸನಗಳ ಬಗ್ಗೆ ಮಾತಾಯಿತು. ನಾನು ತೆಗೆದುಕೊಂಡಿರುವ ಪಠ್ಯ ಒಂದೇ ಹಾಳೆಯದು, ಅದೂ ಮರಾಠಿಯದು. ನಮ್ಮ ಚಿಗವ್ವ ಅಕ್ಕಲಕೋಟೆ ತಾಲೂಕಿನ ಹಳ್ಳಿಯವಳು. ಓದಿದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೇತ್ತೆವರೆಗೆ. ಮರಾಠಿ ಮಾತಾಡ್ತಾಳೆ, ಓದೋದು ತ್ರಾಸು. ಹೊಟ್ಟೆಯ ಚೀಲವನ್ನು ಕಿರಿದು ಮಾಡುವ ಆಪರೇಷನ್ನಿಗೆ ದಿನ ಗೊತ್ತಾದಾಗ ಸೋಲಾಪುರದ ಒಂದು ಆಸ್ಪತ್ರೆಯವರು ಈ ಹಾಳೆ ಕೊಟ್ಟರು: ಎರಡು ವಾರ, ದಿನಕ್ಕೆ ಸುಮಾರು 800 ಕ್ಯಾಲೊರಿ. ಅವಳು ಅದರ ಫೋಟೊ ಕಳಿಸಿದಳು. ನನಗೆ ಪರೀಕ್ಷೆಯ ಗಡಿಬಿಡಿ. ಫೋನಿನಲ್ಲಿ ಹೇಳಿಬಿಟ್ಟೆ: "ಏನಿಲ್ಲ ಚಿಗವ್ವ, ಹದಿನೈದ ದಿನ ಉಪವಾಸ ಇದ್ದಂಗ ಇರು." ನಾನು ಮಾಡಿದ ಈ ಅನುವಾದವೇ ಇವತ್ತಿನ ವಿಷಯ.

ಆಪರೇಷನ್ ಹೊಟ್ಟೆಯ ಚೀಲಕ್ಕೆ, ಪಥ್ಯ ಲಿವರ್‌ಗೆ ಯಾಕೆ? ಲಿವರ್‌ನ ಎಡಭಾಗ ಜಠರದ ಮೇಲ್ತುದಿಯನ್ನು ಮುಚ್ಚಿಕೊಂಡಿರುತ್ತದೆ. ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಒಂದು ಉಪಕರಣದಿಂದ ಎತ್ತಿ ಹಿಡಿದರೆ ಮಾತ್ರ ಒಳಗಿನ ಜಾಗ ಕಾಣುತ್ತದೆ. ತೂಕ ಬಹಳ ಹೆಚ್ಚಿದವರಲ್ಲಿ ಈ ಲಿವರ್ ಕೊಬ್ಬು ತುಂಬಿ ದೊಡ್ಡದಾಗಿರುತ್ತದೆ, ಭಾರವಾಗಿರುತ್ತದೆ. ಎತ್ತುವಾಗ ಹರಿದು ರಕ್ತ ಬರಬಹುದು. ಕೆಲವೊಮ್ಮೆ ವೈದ್ಯರು ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯಬೇಕಾಗುತ್ತದೆ, ಇಲ್ಲವೇ ಕೆಲಸ ನಿಲ್ಲಿಸಿ ಹೊರಬರಬೇಕಾಗುತ್ತದೆ.

ಎರಡೇ ವಾರದಲ್ಲಿ ಏನಾದೀತು ಅಂತ ನನಗೂ ಅನ್ನಿಸಿತ್ತು. ಲಿವರ್ ಸಕ್ಕರೆಯನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟಿರುತ್ತದೆ, ಅದರ ಜೊತೆ ಅದರ ಸುಮಾರು ಮೂರುಪಟ್ಟು ನೀರು. ಹಿಟ್ಟು, ಸಕ್ಕರೆ ಕಡಿಮೆಯಾದ ಕೂಡಲೇ ಮೊದಲು ಈ ದಾಸ್ತಾನು ಖರ್ಚಾಗಿ ನೀರೂ ಹೊರಟುಹೋಗುತ್ತದೆ. ಇನ್ಸುಲಿನ್ ಇಳಿಯುತ್ತದೆ, ಹೊಸ ಕೊಬ್ಬು ತಯಾರಾಗುವುದು ತಗ್ಗಿ, ಇದ್ದ ಕೊಬ್ಬು ಉರಿಯತೊಡಗುತ್ತದೆ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ 32 ಮಂದಿ 12 ವಾರ ಇಂಥ ಆಹಾರದಲ್ಲಿದ್ದರು. ಲಿವರ್‌ನ ಗಾತ್ರ ಎಷ್ಟು ಇಳಿಯಿತೋ ಅದರ ಶೇ. 80ರಷ್ಟು ಮೊದಲ ಎರಡು ವಾರಗಳಲ್ಲೇ ಇಳಿದಿತ್ತು. ಸ್ನಾಯು ಕರಗಬಾರದೆಂದು ಪ್ರೋಟೀನ್ ಮಾತ್ರ ಬಿಡುವಂತಿಲ್ಲ.

ಈಗ ನನ್ನ 'ಉಪವಾಸ'ಕ್ಕೆ ಬರೋಣ. ಕನ್ನಡ ಎಂ.ಎ. ತರಗತಿಯಲ್ಲಿ ಆ ಪದಕ್ಕೆ ಏನೇ ಅರ್ಥ ಹೇಳಲಿ, ನಮ್ಮ ಭಾಗದ ಅಡುಗೆಮನೆಯಲ್ಲಿ ಅದು ಒಂದು ಊಟದ ಹೆಸರು. ಏಕಾದಶಿ ಬಂತೆಂದರೆ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಟಾಟೆ. ಚಿಗವ್ವ ಶ್ರದ್ಧೆಯಿಂದ ರೊಟ್ಟಿ ಬಿಟ್ಟಳು, ಬೇಳೆ ಬಿಟ್ಟಳು, ದಿನಕ್ಕೆರಡು ಸಲ ಖಿಚಡಿ ತಿಂದಳು. ಲೆಕ್ಕ ಹಾಕಿ ನೋಡಿ: 50 ಗ್ರಾಂ ಸಾಬೂದಾಣಿ ಸುಮಾರು 175 ಕ್ಯಾಲೊರಿ, 30 ಗ್ರಾಂ ಶೇಂಗಾ 170, ಒಂದು ದೊಡ್ಡ ಚಮಚ ತುಪ್ಪ 130. ಎರಡು ತಾಟಿಗೇ 900 ದಾಟಿತು. ಸಾಬೂದಾಣಿ ಅಂದರೆ ಬಹುಪಾಲು ಬರೀ ಪಿಷ್ಟ. ಯಾವ ದಾಸ್ತಾನು ಖಾಲಿಯಾಗಬೇಕಿತ್ತೋ ಅದನ್ನೇ ನಾವು ತುಂಬುತ್ತಿದ್ದೆವು. ಅವಳ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ, ನಾನು ಹೇಳಿದ್ದನ್ನೇ ಮಾಡಿದಳು. ತಪಾಸಣೆಗೆ ಹೋದಾಗ ತೂಕ ಇದ್ದಲ್ಲೇ ಇತ್ತು. ಆಪರೇಷನ್ ಮೂರು ವಾರ ಮುಂದೆ ಹೋಯಿತು.

ಹಾಗಾದರೆ 'ಪಥ್ಯ' ಅನ್ನಬಹುದಿತ್ತೇ? ನಮ್ಮಲ್ಲಿ ಪಥ್ಯ ಅಂದರೆ ಬಾಣಂತಿಯದು: ತುಪ್ಪ, ಅಂಟಿನುಂಡಿ. ಅದು ದೇಹವನ್ನು ತುಂಬಿಸುವ ಮಾತು. ಎರಡನೇ ಸಲ ನಾನು ಊರಿಗೇ ಹೋಗಿ, ಆಸ್ಪತ್ರೆಯ ಆಹಾರ ತಜ್ಞೆಯನ್ನು ಕೇಳಿಕೊಂಡು, ಇಡೀ ಹಾಳೆಯನ್ನು ಕನ್ನಡದಲ್ಲಿ ಬರೆದೆ. ಪದಕ್ಕೆ ಪದ ಇಡಲಿಲ್ಲ, ವಾಟಗಾ ಲೆಕ್ಕದಲ್ಲಿ ಬರೆದೆ: ಬೆಳಿಗ್ಗೆ ಬೆಣ್ಣೆ ತೆಗೆದ ಮಜ್ಜಿಗೆ, ಮಧ್ಯಾಹ್ನ ಒಂದು ವಾಟಗಾ ಹೆಸರುಬೇಳೆ ಕಟ್ಟು, ಮೆಂತ್ಯಪಲ್ಲೆ, ಅರ್ಧ ರೊಟ್ಟಿ, ಹೀಗೆ. ಮೇಲೆ ದಪ್ಪಕ್ಷರದಲ್ಲಿ 'ಸಾಬೂದಾಣಿ, ಶೇಂಗಾ ಬ್ಯಾಡ' ಅಂತ. ಅವಳಿಗೆ ಸಕ್ಕರೆ ಕಾಯಿಲೆಯೂ ಇತ್ತು. ಊಟ ಇಷ್ಟು ತಗ್ಗಿಸಿ ಮೊದಲಿನಷ್ಟೇ ಇನ್ಸುಲಿನ್ ಅಥವಾ ಕೆಲವು ಗುಳಿಗೆ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಹಾಗಾಗಿ ಗುಳಿಗೆಯ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ಬರೆಸಿದೆವು. ಮೊದಲ ಸಲ ಫೋನಿನಲ್ಲಿ ನಾನು ಇದನ್ನು ಹೇಳಿಯೇ ಇರಲಿಲ್ಲ. ಖಿಚಡಿ ತಿಂದದ್ದೇ ಆಗ ಅವಳನ್ನು ಕಾಪಾಡಿತೇನೋ, ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಹಾಳೆಯಲ್ಲಿ 'ಪಿತ್ತಜನಕಾಂಗ' ಅಂತ ಬರೆದಿದ್ದೆ. ಚಿಗವ್ವ ಓದಿ, "ಇದ್ಯಾವ ದೇವರೋ ತಮ್ಮಾ?" ಅಂದಳು. ಹೊಡೆದು 'ಲಿವರ್' ಮಾಡಿದೆ. ಎರಡು ವಾರವಾದ ಮೇಲೆ ಆಪರೇಷನ್ ಆಯಿತು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಇಂಡಿ ಕಡೆಯ ಒಬ್ಬ ಹೆಂಗಸು ಇದ್ದರು. ಅವರ ಮಗ ನಮ್ಮ ಹಾಳೆಯನ್ನು ಜೆರಾಕ್ಸ್ ಮಾಡಿಸಿಕೊಂಡ. ಗುಳಿಗೆಯ ಸಾಲನ್ನು ಮಾತ್ರ ನಾನು ಪೆನ್ನಿನಿಂದ ಹೊಡೆದುಹಾಕಿ ಕೊಟ್ಟೆ.