ಲಿಂಬೆಯ ಒಂದು ಬೀಜಕ್ಕೆ ಮೂರು ಮೊಳಕೆ

ಲಿಂಬೆ ಬೀಜ ಬಿತ್ತಿದವರು ಇದನ್ನು ನೋಡಿಯೇ ಇರುತ್ತೀರಿ. ಹಾಕಿದ್ದು ಒಂದೇ ಬೀಜ, ಮೇಲೆ ಬಂದದ್ದು ಎರಡು ಗಿಡ, ಕೆಲವೊಮ್ಮೆ ಮೂರು. ಎರಡು ಬೀಜ ಒಟ್ಟಿಗೆ ಬಿದ್ದಿರಬೇಕು ಅಂತ ಸುಮ್ಮನಾಗುತ್ತೇವೆ. ವಿಷಯ ಹಾಗಲ್ಲ. ಈ ಒಂದು ಗುಣ ಗೊತ್ತಿದ್ದರೆ ಲಿಂಬೆ, ಕಿತ್ತಳೆ ಗಿಡಕ್ಕಾಗಿ ನರ್ಸರಿಗೆ ಹೋಗಲೇಬೇಕೆಂದಿಲ್ಲ.

ಹಲಸಿನ ಬೀಜ ಹಾಕಿದರೆ ತಾಯಿಮರದಂಥದೇ ಹಣ್ಣು ಬರುತ್ತದೆ ಎನ್ನುವ ಹಾಗಿಲ್ಲ. ಪರಾಗದ ಮೂಲಕ ಬೇರೆ ಮರದ ಗುಣ ಸೇರಿರುತ್ತದೆ. ಲಿಂಬೆ, ಕಿತ್ತಳೆಯ ಬೀಜದಲ್ಲೂ ಹಾಗೆ ಹುಟ್ಟಿದ ಒಂದು ಭ್ರೂಣ ಇರಬಹುದು. ಆದರೆ ಅದರ ಪಕ್ಕದಲ್ಲೇ ತಾಯಿಯ ಅಂಗಾಂಶದಿಂದ ನೇರವಾಗಿ ಹುಟ್ಟಿದ ಬೇರೆ ಭ್ರೂಣಗಳೂ ಇರುತ್ತವೆ. ಇವುಗಳಿಗೆ ಪರಾಗದ ಪಾಲಿಲ್ಲ, ಗುಣದಲ್ಲಿ ತಾಯಿಯ ಪಡಿಯಚ್ಚು. ಇದಕ್ಕೆ ಬಹುಭ್ರೂಣತೆ ಅನ್ನುತ್ತಾರೆ. ಸಾಮಾನ್ಯವಾಗಿ ಪರಾಗದಿಂದ ಹುಟ್ಟಿದ ಭ್ರೂಣ ಸೊರಗಿ, ತಾಯಿಯಿಂದ ಹುಟ್ಟಿದವೇ ಮುಂದೆ ಬರುತ್ತವೆ. ಕೊಡಗಿನ ಕಾಫಿ ತೋಟಗಳ ಹಳೆಯ ಕಿತ್ತಳೆ ಮರಗಳು ಬಹುಪಾಲು ಬೀಜದವೇ. ಆದರೂ ತಳಿಯ ಗುಣ ಕೆಡದೆ ಉಳಿದದ್ದು ಹೀಗೆ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಈ ಜಾತಿಯ ಮರಗಳನ್ನು ಕೊಲ್ಲುವ ಗ್ರೀನಿಂಗ್, ಟ್ರಿಸ್ಟೆಜಾದಂಥ ರೋಗಗಳು ಕಸಿ ಕಣ್ಣಿನ ಮೂಲಕ ಸಲೀಸಾಗಿ ಹರಡುತ್ತವೆ. ತಾಯಿಮರಕ್ಕೆ ರೋಗವಿದ್ದರೆ ಅದರಿಂದ ಮಾಡಿದ ನೂರು ಕಸಿಗೂ ರೋಗ. ಗಿಡ ಕೊಳ್ಳುವಾಗ ಎಲೆ ಹಸಿರಾಗೇ ಇರುತ್ತದೆ. ಎರಡು–ಮೂರು ವರ್ಷ ಗೊಬ್ಬರ ಹಾಕಿ ಸಾಕಿದ ಮೇಲೆ ತುದಿಯಿಂದ ಒಣಗಲು ಶುರು. ಬೀಜದ ಮೂಲಕ ಈ ರೋಗಗಳು ದಾಟುವುದಿಲ್ಲ ಅಂತಲೇ ಹೇಳಬಹುದು.

ಹಾಗಂತ ಬೀಜದ ಗಿಡಕ್ಕೆ ರೋಗವೇ ಬಾರದು ಎಂದಲ್ಲ. ಆರಂಭ ಶುದ್ಧ, ಅಷ್ಟೇ. ಗ್ರೀನಿಂಗ್ ಹರಡುವುದು ಸಿಲ್ಲಾ ಎಂಬ ಸಣ್ಣ ಕೀಟ. ಎಳೆ ಚಿಗುರಿನ ಮೇಲೆ ಹಿಂಭಾಗ ಎತ್ತಿಕೊಂಡು ಓರೆಯಾಗಿ ಕೂತಿರುತ್ತದೆ. ಕರಿಬೇವಿನ ಚಿಗುರೂ ಅದಕ್ಕೆ ಇಷ್ಟ. ಸಸಿ ಮಡಿಯನ್ನು ಕರಿಬೇವಿನ ಗಿಡದ ಹತ್ತಿರ ಮಾಡಬೇಡಿ. ಎಲೆ ಹಳದಿಯಾದರೆ ಒಮ್ಮೆ ನಡುನರದ ಎರಡೂ ಬದಿ ಹೋಲಿಸಿ ನೋಡಿ. ಎರಡೂ ಕಡೆ ಒಂದೇ ರೀತಿ ನರಗಳ ನಡುವೆ ಹಳದಿಯಾಗಿದ್ದರೆ ಹೆಚ್ಚಾಗಿ ಸತುವಿನ ಕೊರತೆ. ಒಂದು ಬದಿ ಒಂದು ಥರ, ಇನ್ನೊಂದು ಬದಿ ಇನ್ನೊಂದು ಥರ ಮಚ್ಚೆ ಮಚ್ಚೆಯಾಗಿದ್ದರೆ ಗ್ರೀನಿಂಗ್ ಅಂತ ಅನುಮಾನಿಸಬೇಕು.

ಬೀಜಕ್ಕೆ ಹತ್ತು ವರ್ಷ ದಾಟಿಯೂ ಚೆನ್ನಾಗಿ ಕಾಯಿ ಬಿಡುತ್ತಿರುವ, ತುದಿ ಒಣಗದ ಮರ ಆರಿಸಿ. ಮರದಲ್ಲೇ ಹಣ್ಣಾದದ್ದು ಬೇಕು. ಬೀಜದ ಲೋಳೆ ಹೋಗುವಂತೆ ಬೂದಿ ಹಾಕಿ ಉಜ್ಜಿ ತೊಳೆದು, ನೆರಳಲ್ಲಿ ಒಂದು ದಿನ ಆರಿಸಿದರೆ ಸಾಕು. ಬಿಸಿಲಿಗೆ ಹಾಕಿ ಗರಿಗರಿ ಒಣಗಿಸಿದರೆ ಮೊಳಕೆ ಆಸೆ ಬಿಡಿ. ತಡಮಾಡದೆ ಬಿತ್ತಬೇಕು. ನಾನು ಮಳೆಯ ಜೋರು ಇಳಿದ ಮೇಲೆ ಮರಳು, ಸುಡುಮಣ್ಣು, ಹಳೆ ಹಟ್ಟಿಗೊಬ್ಬರ ಸೇರಿಸಿದ ಎತ್ತರದ ಮಡಿಯಲ್ಲಿ ಅರ್ಧ ಇಂಚು ಆಳಕ್ಕೆ ಹಾಕುತ್ತೇನೆ. ಮೂರು–ನಾಲ್ಕು ವಾರಕ್ಕೆ ತಲೆ ಎತ್ತುತ್ತವೆ. ನೀರು ಹೆಚ್ಚಾದರೆ ಬುಡ ಕೊಳೆತು ಸಾಲುಸಾಲು ಬೀಳುತ್ತವೆ, ಅದೊಂದು ನೋಡಿಕೊಳ್ಳಿ.

ನಾಲ್ಕಾರು ಎಲೆ ಬಂದಾಗ ಆರಿಸುವ ಕೆಲಸ. ಇದೇ ಮುಖ್ಯ. ಮಡಿಯ ಹೆಚ್ಚಿನ ಸಸಿಗಳು ಒಂದೇ ಎತ್ತರ, ಒಂದೇ ಎಲೆಯಾಕಾರದಲ್ಲಿರುತ್ತವೆ. ಅವು ತಾಯಿಯ ಮಕ್ಕಳು. ತೀರಾ ಕುಳ್ಳ, ಎಲೆ ಸುಕ್ಕಾದ, ಎಲೆಯಾಕಾರ ಬೇರೆಯಾದ ಸಸಿಗಳನ್ನು ಕಿತ್ತೊಗೆಯಿರಿ. ಮಿತಿಮೀರಿ ಎತ್ತರ ಹೋದದ್ದನ್ನೂ. ಕಷ್ಟಪಟ್ಟು ಹುಟ್ಟಿಸಿದ ಸಸಿ ಎಸೆಯಲು ಕೈ ಬರುವುದಿಲ್ಲ, ಆದರೂ ಎಸೆಯಬೇಕು. ಜೋಡಿ ಮೊಳಕೆಯನ್ನು ಮೆಲ್ಲಗೆ ಬಿಡಿಸಿ ಬೇರೆ ಬೇರೆ ತೊಟ್ಟೆಗೆ ಹಾಕಬಹುದು. ತೊಟ್ಟೆಯಲ್ಲಿರುವಾಗ ಹಕ್ಕಿಯ ಹಿಕ್ಕೆಯ ಹಾಗೆ ಕಾಣುವ ಹುಳ ಎಲೆ ತಿನ್ನುತ್ತದೆ. ಅದು ಚಿಟ್ಟೆಯ ಮರಿ. ಬೆಳಿಗ್ಗೆ ಕೈಯಲ್ಲೇ ಹೆಕ್ಕಿದರೆ ಮದ್ದು ಬೇಡ. ಎಲೆಯಲ್ಲಿ ರಂಗೋಲಿ ಬರೆಯುವ ಹುಳ ಮಾತ್ರ ಕೈಗೆ ಸಿಗದು. ಅದು ಮಾಡಿದ ಗಾಯದಲ್ಲೇ ಕಜ್ಜಿ ರೋಗ ಹೊಕ್ಕುವುದು. ಹೆಚ್ಚು ಕೆಟ್ಟ ಎಲೆ ಕಿತ್ತು, ಮಳೆಗೆ ಮೊದಲು ಶೇಕಡಾ 1ರ ಬೋರ್ಡೋ ಹೊಡೆದರೆ ಕಜ್ಜಿ ಹತೋಟಿಗೆ ಬರುತ್ತದೆ.

ಚಕ್ಕೋತ, ಮಾದಳಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅವುಗಳ ಬೀಜದಲ್ಲಿ ಒಂದೇ ಭ್ರೂಣ, ಅದೂ ಪರಾಗದಿಂದ ಹುಟ್ಟಿದ್ದು. ದೇವನಹಳ್ಳಿಯ ಒಳ್ಳೆ ಚಕ್ಕೋತ ತಿಂದು ಬೀಜ ಹಾಕಿದರೆ ಹುಳಿಯೋ ಕಹಿಯೋ ಯಾರಿಗೆ ಗೊತ್ತು! ಅದಕ್ಕೆ ಗೂಟಿಯೇ ಸರಿ.

ಬೀಜದ ಗಿಡಕ್ಕೆ ಮುಳ್ಳು ಜಾಸ್ತಿ, ಎತ್ತರವೂ ಹೋಗುತ್ತದೆ. ಫಸಲಿಗೆ ಕಾಯಬೇಕು. ಲಿಂಬೆ ನಾಲ್ಕೈದು ವರ್ಷ, ಕಿತ್ತಳೆ ಆರೇಳು. ಕಸಿ ಗಿಡವಾದರೆ ಮೂರು–ನಾಲ್ಕಕ್ಕೇ ಕಾಯಿ ಕಾಣಬಹುದು. ಅವಸರವಿದ್ದವರು ರೋಗವಿಲ್ಲದ ತಾಯಿಮರ ಕಣ್ಣಾರೆ ನೋಡಿ ಕಸಿ ತರಲಿ. ಯಾವುದೇ ಇರಲಿ, ನೆಡುವಾಗ ಬುಡದ ಮಣ್ಣು ಸುತ್ತಲಿಗಿಂತ ಸ್ವಲ್ಪ ಎತ್ತರ ಇರಬೇಕು, ಹಟ್ಟಿಗೊಬ್ಬರ ಕಾಂಡಕ್ಕೆ ತಾಗಬಾರದು. ಮಳೆಗಾಲದಲ್ಲಿ ಕಾಂಡದ ಸುತ್ತ ನೀರು ನಿಂತಲ್ಲಿ ಅಂಟು ಸೋರಿ ಬುಡ ಕೊಳೆಯುವುದನ್ನು ಯಾವ ಬೀಜವೂ ತಡೆಯುವುದಿಲ್ಲ.