ಅರ್ಧ ಮಾತ್ರೆಯ ಲೆಕ್ಕ

ಹಂಚುವಾಗ ಪಾಲು ಸಮನಾಗಿರಬೇಕೆಂಬುದು ನಮ್ಮ ಮನೆಗಳ ಹಳೆಯ ಧರ್ಮ. ಒಂದು ಹೋಳಿಗೆಯನ್ನು ಇಬ್ಬರು ಮಕ್ಕಳಿಗೆ ಕೊಡಲು ತಾಯಿಯ ಕಣ್ಣಳತೆಯೇ ಸಾಕು. ಆದರೆ ಮಾತ್ರೆಯನ್ನು ಎರಡಾಗಿ ಮುರಿಯುವಾಗ ಆ ಕಣ್ಣಳತೆಯನ್ನು ಎಷ್ಟು ನಂಬಬಹುದು? ಊರಿನಿಂದ ಅಮೆರಿಕಕ್ಕೆ ಬರುವ ಹಿರಿಯರ ಪೆಟ್ಟಿಗೆಯಲ್ಲಿ ಚಟ್ನಿಪುಡಿಯೊಡನೆ ತಿಂಗಳುಗಟ್ಟಲೆಯ ಮಾತ್ರೆಗಳೂ ಬರುವುದರಿಂದ, ಈ ಪ್ರಶ್ನೆ ನಮ್ಮಲ್ಲಿ ಅನೇಕರದು.

ನಾನು ಕಲಾ ವಿಭಾಗದ ಪದವೀಧರೆ, ರಸಾಯನಶಾಸ್ತ್ರ ಓದಿದವಳಲ್ಲ. 2023ರ ಬೇಸಿಗೆಯಲ್ಲಿ ನಮ್ಮ ಅತ್ತೆಯವರು ಬಂದಿದ್ದಾಗ, ಎದ್ದು ನಿಂತೊಡನೆ ಅವರಿಗೆ ತಲೆ ಸುತ್ತತೊಡಗಿತು. ಒಮ್ಮೆ ಬಿದ್ದರೆ ಸೊಂಟದ ಮೂಳೆಗೇ ಅಪಾಯವಾಗುವ ವಯಸ್ಸು. ಅವರು ಸೇವಿಸುತ್ತಿದ್ದುದು ರಕ್ತದೊತ್ತಡದ ಸಂಯುಕ್ತ ಮಾತ್ರೆ: ಲೊಸಾರ್ಟನ್ 50 ಮಿಲಿಗ್ರಾಂ, ಹೈಡ್ರೋಕ್ಲೋರೋಥಯಾಜೈಡ್ 12.5 ಮಿಲಿಗ್ರಾಂ. "ಅರ್ಧ ತೊಗೊಂಡ್ರೆ ಆಯ್ತು, ಬಿಡಮ್ಮ" ಎಂದರು. ಮುರಿಯುವ ಮುನ್ನ ಔಷಧದಂಗಡಿಯ ಫಾರ್ಮಸಿಸ್ಟರನ್ನು ವಿಚಾರಿಸಿದೆ. "ಅರ್ಧದಲ್ಲಿ ಎರಡು ಔಷಧಗಳೂ ಅರ್ಧವೇ ಇರುತ್ತವೆಂದು ಹೇಗೆ ಹೇಳುವಿರಿ?" ಎಂದು ಅವರು ಕೇಳಿದ ಪ್ರಶ್ನೆ ನನ್ನನ್ನು ಓದಿಗೆ ಹಚ್ಚಿತು.

ಮೊದಲನೆಯ ಪರೀಕ್ಷೆ ತೂಕದ್ದು. ಯೂರೋಪಿನ ಫಾರ್ಮಕೋಪಿಯಾದ ಪ್ರಕಾರ 30 ಮಾತ್ರೆಗಳನ್ನು ಮುರಿದು, ಪ್ರತಿಯೊಂದರಿಂದ ಒಂದು ತುಂಡನ್ನು ತೂಗುತ್ತಾರೆ. ಸರಾಸರಿಯ ಶೇಕಡ 85ರಿಂದ 115ರ ಎಲ್ಲೆಯನ್ನು ಒಂದಕ್ಕಿಂತ ಹೆಚ್ಚು ತುಂಡುಗಳು ಮೀರಬಾರದು. 75ರಿಂದ 125ರ ಎಲ್ಲೆಯನ್ನು ಒಂದೂ ಮೀರಬಾರದು.

ಆದರೆ ತೂಕವೇ ಔಷಧವಲ್ಲ. ಬಿಸಿಬೇಳೆ ಅನ್ನದ ಎರಡು ಸೌಟುಗಳು ತೂಕದಲ್ಲಿ ಸಮನಾಗಿದ್ದರೂ ಗೋಡಂಬಿ ಒಂದರಲ್ಲೇ ಹೆಚ್ಚು ಬಿದ್ದಿರಬಹುದು. ಮಾತ್ರೆಯಲ್ಲಿಯೂ ಔಷಧದೊಡನೆ ಬೇರೆ ಪುಡಿಗಳು ಬೆರೆತಿರುತ್ತವೆ. ಪ್ರಮಾಣ ಕಿರಿದಾದಷ್ಟೂ ಸಮನಾಗಿ ಬೆರೆಸುವುದು ಕಷ್ಟ. ಆದ್ದರಿಂದಲೇ ಅಮೆರಿಕದ ಫಾರ್ಮಕೋಪಿಯಾ, ಇಡೀ ಮಾತ್ರೆಯಲ್ಲಿಯೂ ಔಷಧಾಂಶವು 25 ಮಿಲಿಗ್ರಾಂಗಿಂತ ಅಥವಾ ಒಟ್ಟು ತೂಕದ ಶೇಕಡ 25ಕ್ಕಿಂತ ಕಡಿಮೆಯಿದ್ದರೆ ತೂಕವನ್ನು ನೆಚ್ಚದೆ ಔಷಧವನ್ನೇ ಅಳೆಯಬೇಕೆನ್ನುತ್ತದೆ. ಸಂಯುಕ್ತ ಮಾತ್ರೆಯಲ್ಲಿ ಪ್ರತಿಯೊಂದು ಔಷಧಕ್ಕೂ ಈ ಲೆಕ್ಕ ಪ್ರತ್ಯೇಕ. ನಮ್ಮ ಮಾತ್ರೆಯ ಅರ್ಧದಲ್ಲಿ ಇರಬೇಕಾದ ಎರಡನೆಯ ಔಷಧವಾದರೋ ಕೇವಲ 6.25 ಮಿಲಿಗ್ರಾಂ!

ಅಳೆಯುವ ಕ್ರಮ ಸೊಗಸಾಗಿದೆ. ಹತ್ತು ಅರ್ಧಗಳನ್ನು ಒಂದೊಂದಾಗಿ ತೂಗಿ, ಬೇರೆಬೇರೆಯಾಗಿ ಕರಗಿಸಿ, ಆ ದ್ರಾವಣವನ್ನು ಎಚ್.ಪಿ.ಎಲ್.ಸಿ. ಎಂಬ ಯಂತ್ರದಲ್ಲಿ ಹಾಯಿಸುತ್ತಾರೆ. ಎರಡು ಔಷಧಗಳು ಬೇರೆಬೇರೆ ಹೊತ್ತಿಗೆ ಹೊರಬಂದು, ಕಾಗದದ ಮೇಲೆ ಎರಡು ಶಿಖರಗಳಾಗಿ ಮೂಡುತ್ತವೆ. ಪ್ರಮಾಣ ತಿಳಿದ ದ್ರಾವಣದ ಶಿಖರದೊಡನೆ ಹೋಲಿಸಿದರೆ ಪ್ರತಿಯೊಂದರ ಮೊತ್ತ ದೊರೆಯುತ್ತದೆ. ತುಂಡು ಹಗುರವಾಗಿದ್ದು ಎರಡು ಔಷಧಗಳೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಿದ್ದರೆ ದೋಷ ಮುರಿದುದರಲ್ಲಿದೆ. ತೂಕ ಸರಿಯಿದ್ದು ಒಂದು ಔಷಧ ಮಾತ್ರ ಕಡಿಮೆಯಾಗಿದ್ದರೆ ದೋಷ ಬೆರಕೆಯಲ್ಲಿದೆ. ಈ ಎರಡನೆಯ ದೋಷವನ್ನು ಮನೆಯ ಯಾವ ತಕ್ಕಡಿಯೂ ತೋರಿಸಲಾರದು.

ಇನ್ನೊಂದು ಮಾತು. ತುಂಡುಗಳು ಎಷ್ಟೇ ಸಮನಾಗಿದ್ದರೂ, ಅರ್ಧ ಮಾಡಿದಾಗ ಎರಡು ಔಷಧಗಳೂ ತಗ್ಗುತ್ತವೆ. ತಗ್ಗಬೇಕಾದುದು ಒಂದೇ ಆಗಿರಬಹುದು. ನಮ್ಮ ಅತ್ತೆಯವರನ್ನು ಪರೀಕ್ಷಿಸಿದ ವೈದ್ಯರು ಸಂಯುಕ್ತ ಮಾತ್ರೆಯನ್ನು ನಿಲ್ಲಿಸಿ, ಲೊಸಾರ್ಟನ್ ಒಂದನ್ನೇ 25 ಮಿಲಿಗ್ರಾಂ ಮಾತ್ರೆಯಾಗಿ ಬರೆದುಕೊಟ್ಟರು. ಮುರಿಯುವ ಪ್ರಸಂಗವೇ ಬರಲಿಲ್ಲ.

ಗೆರೆಯಿರುವ ಮಾತ್ರೆಗಳ ಅರ್ಧಗಳನ್ನೂ ತಯಾರಕರು ಪರೀಕ್ಷಿಸಿ ತೋರಿಸಬೇಕೆಂದು ಅಮೆರಿಕದ ಎಫ್.ಡಿ.ಎ. 2013ರ ಮಾರ್ಗಸೂಚಿಯಲ್ಲಿ ಸಲಹೆ ನೀಡಿದೆ. ಮುರಿಯಲು ಅದು ಒಪ್ಪಿದ ಮಾತ್ರೆಯ ಮೇಲೆ ಗೆರೆಯಿರುತ್ತದೆ, ವಿವರಪತ್ರದಲ್ಲಿ ಆ ಮಾತೂ ಇರುತ್ತದೆ. ವೈದ್ಯರು ಮುರಿಯಲು ಹೇಳಿದ್ದರೆ ಒಂದು ಬಾರಿಗೆ ಒಂದೇ ಮಾತ್ರೆಯನ್ನು ಮುರಿಯಿರಿ. ಉಳಿದರ್ಧವನ್ನು ಮುಂದಿನ ಸರದಿಗೆ ಸೇವಿಸಿ, ಅನಂತರ ಹೊಸದನ್ನು ಮುರಿಯಿರಿ. ಹೀಗಾದರೆ ಇಂದಿನ ಕೊರತೆ ಮುಂದಿನ ಸರದಿಯಲ್ಲಿ ತುಂಬಿಬರುತ್ತದೆ. ನಿಧಾನವಾಗಿ ಔಷಧ ಬಿಡುವ ಮಾತ್ರೆಗಳನ್ನಂತೂ ಕೇಳದೆ ಮುರಿಯಲೇಬಾರದು.

ಸಮ್ಮೇಳನ ಮುಗಿಸಿ ಮನೆಗೆ ಮರಳಿದ ಮೇಲೆ ಹಿರಿಯರ ಔಷಧದ ಡಬ್ಬಿಯನ್ನು ಒಮ್ಮೆ ತೆರೆದು ನೋಡಿರಿ. ಅದರಲ್ಲಿ ಅರ್ಧ ಮಾತ್ರೆಗಳಿದ್ದರೆ, ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಫಾರ್ಮಸಿಸ್ಟರ ಬಳಿಗೆ ಹೋಗಿಬನ್ನಿರಿ.