ದಿನಕ್ಕೆ ಹತ್ತು ಪುಟ ನಿಮ್ಮದಿರಲಿ

'ಓದೋದಾ? ಅಯ್ಯೋ, ಮದುವೆಗೆ ಮುಂಚೆ ಓದ್ತಿದ್ದೆ ಕಣ್ರೀ. ಒಂದು ಕಾದಂಬರಿ ಹಿಡಿದ್ರೆ ಮುಗಿಸೋ ತನಕ ಊಟ-ತಿಂಡಿ ಬೇಡ. ಈಗ ಎಲ್ಲಿ ಟೈಮು?'

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮಕ್ಕಳ ಸ್ಕೂಲಿನ ಗೇಟಿನ ಹತ್ತಿರ ಈ ಮಾತನ್ನು ನೀವೂ ಕೇಳಿರುತ್ತೀರಿ. ಬಹುಶಃ ನೀವೇ ಹೇಳಿರುತ್ತೀರಿ. ಹಾಗಂತ ಓದಬೇಕೆಂಬ ಆಸೆ ಸತ್ತಿರುವುದಿಲ್ಲ. ಪ್ರತಿ ವರ್ಷ ಜನವರಿ ಒಂದಕ್ಕೋ ಯುಗಾದಿಗೋ ಅದು ಎದ್ದು ಕೂರುತ್ತೆ. 'ಈ ವರ್ಷ ಐವತ್ತು ಪುಸ್ತಕ' ಅಂತ ಡೈರಿಯ ಮೊದಲ ಪುಟದಲ್ಲಿ ಬರೆಯುತ್ತೇವೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚುವಷ್ಟರಲ್ಲಿ ಆ ಡೈರಿಯಲ್ಲಿ ಹಾಲಿನ ಲೆಕ್ಕ ಶುರುವಾಗಿರುತ್ತೆ!

ಇದಕ್ಕೆ ಸೋಮಾರಿತನ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಮನೆಯ ಗಂಡಸು ಪೇಪರ್ ಹಿಡಿದು ಕೂತರೆ 'ಅಪ್ಪ ಓದ್ತಿದ್ದಾರೆ, ಗಲಾಟೆ ಮಾಡಬೇಡಿ' ಅನ್ನುತ್ತೇವೆ. ಮಕ್ಕಳು ಓದುತ್ತಿದ್ದರೆ ಟಿವಿಯ ದನಿಯೇ ಇಳಿಯುತ್ತೆ. ಅದೇ ಅಮ್ಮ ಪುಸ್ತಕ ಹಿಡಿದರೆ? 'ಸುಮ್ಮನೆ ಕೂತಿದ್ದೀಯಲ್ಲ, ಸ್ವಲ್ಪ ನೀರು ಕೊಡು.' ನಮ್ಮ ಓದಿಗೆ ಮನೆಯಲ್ಲಿರುವ ಹೆಸರು 'ಸುಮ್ಮನೆ ಕೂರುವುದು'. ಹಾಗೆ ಸುಮ್ಮನೆ ಕೂತವರನ್ನು ಯಾರು ಬೇಕಾದರೂ ಎಬ್ಬಿಸಬಹುದು. ಸಂಕಲ್ಪ ಮುರಿಯುವುದು ಇಲ್ಲಿ.

ಹತ್ತು ಪುಟದ ಲೆಕ್ಕ

ಐವತ್ತು ಪುಸ್ತಕದ ಮಾತು ಬಿಡಿ. ದಿನಕ್ಕೆ ಹತ್ತು ಪುಟ ಅಂದುಕೊಳ್ಳಿ. ಕನ್ನಡ ಕಾದಂಬರಿಯ ಹತ್ತು ಪುಟಕ್ಕೆ ಹದಿನೈದು-ಇಪ್ಪತ್ತು ನಿಮಿಷ ಸಾಕು. ವರ್ಷಕ್ಕೆ 3650 ಪುಟವಾಯಿತು. ಒಂದು ಕಾದಂಬರಿಗೆ 200 ಪುಟ ಅಂತ ಹಿಡಿದರೆ 18 ಕಾದಂಬರಿ. ಹಬ್ಬ, ಜ್ವರ, ನೆಂಟರು, ಪರೀಕ್ಷೆ ಅಂತ ಮೂರು ದಿನಕ್ಕೊಂದು ದಿನ ತಪ್ಪಿಹೋದರೂ 12 ಉಳಿಯುತ್ತೆ. ತಿಂಗಳಿಗೊಂದು ಪುಸ್ತಕ ಕಡಿಮೆಯೇನಲ್ಲ.

ಆದರೆ 'ಸಮಯ ಸಿಕ್ಕಾಗ ಓದ್ತೀನಿ' ಅನ್ನಬೇಡಿ. ಮನೆಗೆಲಸಕ್ಕೆ ಮುಗಿಯುವುದೆಂಬುದೇ ಇಲ್ಲದ ಮೇಲೆ ಸಮಯ ಸಿಗುವುದಾದರೂ ಹೇಗೆ? ಮಧ್ಯಾಹ್ನ ಮೂರೂವರೆಯೋ, ರಾತ್ರಿ ಪಾತ್ರೆ ಮುಗಿದ ಮೇಲೋ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಅದನ್ನು ಮನೆಯವರೆಲ್ಲರ ಎದುರು ಒಮ್ಮೆ ಬಾಯಿಬಿಟ್ಟು ಹೇಳಿ. 'ನಾಳೆಯಿಂದ ಮೂರೂವರೆಗೆ ನಾನು ಓದ್ತೀನಿ, ನಾಲ್ಕಕ್ಕೆ ಕಾಫಿ.' ಅಷ್ಟೇ, ವಿವರಣೆ ಬೇಡ. ಮೊದಲ ವಾರ ನಗುತ್ತಾರೆ. ಎರಡನೇ ವಾರ ಮರೆತು ಕರೆಯುತ್ತಾರೆ. ಮೂರನೇ ವಾರ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ತಾವೇ ಹುಡುಕಿಕೊಳ್ಳುತ್ತಾರೆ!

ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಪಕ್ಕದಲ್ಲಿದ್ದರೆ ಹತ್ತು ಪುಟದ ಹೊತ್ತು ವಾಟ್ಸಾಪಿನ ಶುಭೋದಯಗಳಿಗೇ ಹೋಗುತ್ತೆ.

ಆಸಕ್ತಿ ಹೋಯಿತಾ, ಚಾಳೀಸು ಬಂತಾ?

ನಲವತ್ತು ದಾಟಿದವರು ಇದನ್ನು ಗಮನವಿಟ್ಟು ಓದಿ. 'ಎರಡು ಪುಟ ಓದಿದರೆ ತಲೆನೋವು, ಮೊದಲಿನ ಆಸಕ್ತಿ ಇಲ್ಲ' ಅನ್ನುವ ಅನೇಕರಿಗೆ ಹೋಗಿರುವುದು ಆಸಕ್ತಿಯಲ್ಲ, ಹತ್ತಿರದ ದೃಷ್ಟಿ. ವಯಸ್ಸಾಗುತ್ತ ಕಣ್ಣೊಳಗಿನ ಮಸೂರದ ಮೆದುತನ ಕಡಿಮೆಯಾಗುತ್ತೆ. ಆಗ ಹತ್ತಿರದ ಅಕ್ಷರ ಮಂಜಾಗುತ್ತೆ. ಪುಸ್ತಕವನ್ನು ದೂರ ದೂರ ಹಿಡಿಯುವುದು, ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವುದು, ಮಾತ್ರೆಯ ಚೀಟಿಯನ್ನು ಟ್ಯೂಬ್‌ಲೈಟ್ ಕೆಳಗೆ ಒಯ್ಯುವುದು ಎಲ್ಲ ಅದರದೇ ಗುರುತು. ಇದು ಕಾಯಿಲೆಯಲ್ಲ, ಎಲ್ಲರಿಗೂ ಬರುವಂಥದ್ದು. ಸರಿಯಾದ ಪವರಿನ ಕನ್ನಡಕ ಹಾಕಿದರೆ ಅಕ್ಷರ ಮತ್ತೆ ಸ್ಪಷ್ಟ.

ಬೇಜಾರೆಂದರೆ ಯಜಮಾನರಿಗೆ ಚಾಳೀಸು ಬಂದರೆ ಅದೇ ವಾರ ಕನ್ನಡಕ ಬರುತ್ತೆ. ನಮ್ಮದು 'ಮುಂದಿನ ತಿಂಗಳು ನೋಡೋಣ' ಅಂತ ವರ್ಷಗಟ್ಟಲೆ ಮುಂದಕ್ಕೆ. ರಸ್ತೆ ಬದಿಯ ರೆಡಿಮೇಡ್ ಕನ್ನಡಕ ಕೊಳ್ಳುವ ಬದಲು ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎರಡೂ ಕಣ್ಣಿನ ಪವರ್ ಒಂದೇ ಇರಬೇಕೆಂದಿಲ್ಲ. ಜೊತೆಗೆ ಕಣ್ಣಿನ ಒತ್ತಡವನ್ನೂ ಪರೀಕ್ಷಿಸುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಂತೂ ವರ್ಷಕ್ಕೊಮ್ಮೆ ತೋರಿಸಲೇಬೇಕು. ಈ ವರ್ಷದ ಸಂಕಲ್ಪದಲ್ಲಿ ಪುಸ್ತಕಕ್ಕಿಂತ ಮೊದಲು ಕನ್ನಡಕ ಬರೆದುಕೊಂಡರೂ ತಪ್ಪಿಲ್ಲ.

ಯಾರಿಗೆ ಥ್ಯಾಂಕ್ಸ್?

'ಪಾಪ, ನಮ್ಮ ಮನೆಯವರು ಓದೋಕೆ ಬಿಡ್ತಾರೆ' ಅಂತ ಕೃತಜ್ಞತೆಯಿಂದ ಹೇಳುವವರಿದ್ದಾರೆ. 'ಬಿಡ್ತಾರೆ' ಅನ್ನುವ ಪದ ನನಗೆ ಇಷ್ಟವಿಲ್ಲ. ಉಸಿರಾಡಲು ಬಿಡುತ್ತಾರೆ ಅಂತ ಹೇಳುತ್ತೇವೆಯೇ? ನಿಮ್ಮ ಇಪ್ಪತ್ತು ನಿಮಿಷಕ್ಕೆ ಋಣಭಾರ ಬೇಡ. ಆ ಹೊತ್ತಿನಲ್ಲಿ ಅವರು ಎದ್ದು ಒಲೆ ಆರಿಸಿದರೆ, ಅಳುವ ಮಗುವನ್ನು ಎತ್ತಿಕೊಂಡರೆ, ಅದಕ್ಕೆ ಖಂಡಿತ ಥ್ಯಾಂಕ್ಸ್ ಹೇಳಿ.

ನಾವು ನೆನೆಯಬೇಕಾದವರು ಬೇರೆಯೇ ಇದ್ದಾರೆ. ಹೆಣ್ಣುಮಕ್ಕಳಿಗೆ ಪುಸ್ತಕ ಯಾಕೆ ಅನ್ನುವ ಕಾಲದಲ್ಲಿ, ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಮನೆಯಲ್ಲೇ ಓದಿ ಕಲಿತು, 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಶುರುಮಾಡಿದರು. ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು. ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ಅಷ್ಟರೊಳಗೆ 'ಶರಪಂಜರ', 'ಬೆಕ್ಕಿನ ಕಣ್ಣು' ಬರೆದು, ಹೆಣ್ಣಿನ ಮನಸ್ಸಿಗೂ ಕಾಯಿಲೆ ಬರುತ್ತೆ, ಅದಕ್ಕೆ ಮದ್ದಿದೆ ಅಂತ ಮನೆಮನೆಗೆ ತಿಳಿಸಿದ್ದರು. ಎಂ.ಕೆ. ಇಂದಿರಾ ಶಾಲೆಗೆ ಹೋದದ್ದು ಕೆಲವೇ ವರ್ಷ, ಕಾದಂಬರಿ ಬರೆಯಲು ಶುರುಮಾಡಿದ್ದು ನಲವತ್ತೈದರ ಹೊತ್ತಿಗೆ. 'ನಮಗಿನ್ನೇನು ವಯಸ್ಸಾಯ್ತು' ಅನ್ನುವವರು 1976ರ ಅವರ 'ಫಣಿಯಮ್ಮ' ಎತ್ತಿಕೊಳ್ಳಬೇಕು.

ನಿಮ್ಮದೇ ಬದುಕಿನಲ್ಲಿ ಇನ್ನೊಬ್ಬರು ಇರುತ್ತಾರೆ. ಕಾದಂಬರಿಯನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದುವಾಗ ಅಮ್ಮನಿಗೆ ಹೇಳದ ಅಕ್ಕ. ಧಾರಾವಾಹಿಯ ಪುಟಗಳನ್ನು ವಾರವಾರ ಕತ್ತರಿಸಿ ಹೊಲಿದಿಟ್ಟ ಅತ್ತೆ. ದಂಡ ಹಾಕದೆ ಪುಸ್ತಕ ವಾಪಸ್ ತಗೊಂಡ ಲೈಬ್ರರಿಯವರು. ಅವರಿದ್ದರೆ ಒಂದು ಫೋನ್ ಮಾಡಿ. 'ನಿಮ್ಮಿಂದ ಓದೋದು ಕಲಿತೆ' ಅಂದರೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ, ನೋಡಿ.

ನಮ್ಮ ಬೀದಿಯಲ್ಲಿ ಒಬ್ಬ ಸೊಸೆಯಿದ್ದಾಳೆ. ಅವಳು ಪುಸ್ತಕ ಹಿಡಿದಾಗಲೆಲ್ಲ ಅತ್ತೆ ಗೊಣಗುತ್ತಿದ್ದರು. ಆ ಅತ್ತೆಗೆ ಕಣ್ಣಿಗೆ ಪೊರೆ ಬಂದು, ಆಪರೇಷನ್ ತಡವಾಗಿ, ಪೇಪರ್ ಕೂಡ ಕಾಣದಂತಾಯಿತು. ಸೊಸೆ ತನ್ನ ಹತ್ತು ಪುಟವನ್ನು ಗಟ್ಟಿಯಾಗಿ ಓದತೊಡಗಿದಳು. ಈಗ ಆಪರೇಷನ್ ಆಗಿದೆ, ಕಣ್ಣು ಚೆನ್ನಾಗಿದೆ. ಆದರೂ ಮೂರೂವರೆ ಆಗುವಷ್ಟರಲ್ಲಿ 'ಬಾರೇ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ?' ಅಂತ ಕರೆ ಬರುತ್ತೆ.

ಪುಸ್ತಕ ಎಲ್ಲಿಂದ?

ಕೊಳ್ಳಲೇಬೇಕೆಂದಿಲ್ಲ. ನಿಮ್ಮ ಮನೆ ಕಂದಾಯದ ರಸೀದಿ ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತೆ. 1965ರ ಕಾಯ್ದೆಯಿಂದ ಬಂದ ನಮ್ಮ ಸಾರ್ವಜನಿಕ ಗ್ರಂಥಾಲಯಗಳು ನಡೆಯುವುದು ಅದರಿಂದಲೂ ಹೌದು. ದುಡ್ಡು ಕೊಟ್ಟಾಗಿದೆ, ಇನ್ನು ಹೋಗಿ ಓದುವುದಷ್ಟೇ ಬಾಕಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಅನ್ನುತ್ತಾರೆ.

ಮೊದಲ ಪುಸ್ತಕ ಸಣ್ಣದಿರಲಿ. ಬಿಟ್ಟು ಬಹಳ ವರ್ಷವಾಗಿದ್ದರೆ ಕಥಾಸಂಕಲನ ಒಳ್ಳೆಯದು, ಒಂದು ಕಥೆ ಒಂದೇ ಕೂರಿಕೆಗೆ ಮುಗಿಯುತ್ತೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಬಾನು ಮುಷ್ತಾಕ್ ಅವರ ಕಥೆಗಳಿಂದ ಶುರುಮಾಡಬಹುದು. ಅಡುಗೆಮನೆ, ಅಂಗಳ, ತವರು ಎಲ್ಲ ಅಲ್ಲಿವೆ. ಐವತ್ತು ಪುಟವಾದರೂ ಹಿಡಿಸದ ಪುಸ್ತಕವನ್ನು ನಿಸ್ಸಂಕೋಚವಾಗಿ ಬಿಟ್ಟುಬಿಡಿ. ಒಂದು ದಿನ ತಪ್ಪಿದರೆ ಮರುದಿನ ಇಪ್ಪತ್ತು ಪುಟ ಓದಿ ಸರಿದೂಗಿಸಲು ಹೋಗಬೇಡಿ, ಮತ್ತೆ ಹತ್ತೇ ಸಾಕು. ವಾಪಸ್ ಕೊಡುವ ತಾರೀಖನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದಲ್ಲೇ ಬರೆದಿಡಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ.